ವಖಾರಿಯ ಹಳೇ ಕಂಪ್ಯೂಟರಿಗೆ ಪೈಥಾನಾ, ಪಾಸ್ಕಲ್ಲಾ?

ಶಿರಸಿಯಲ್ಲಿ ನನ್ನ ಮಾವನ ಅಡಿಕೆ ವಖಾರಿ ಇದೆ. ಅಲ್ಲಿರೋದು ವಿಂಡೋಸ್ 7, 2 ಜಿಬಿ ರ್‍ಯಾಮ್ ಇರುವ ಕಂಪ್ಯೂಟರ್. ತೂಕ, ದರ ಹಾಕಿದರೆ ಪಟ್ಟಿ ಪ್ರಿಂಟ್ ಆಗಬೇಕು, ಅಷ್ಟೇ ಕೆಲಸ. ಅದನ್ನು ಎರಡು ಸಲ ಬರೆದೆ. ಮೊದಲು ಪೈಥಾನ್ ಭಾಷೆಯಲ್ಲಿ, ಆಮೇಲೆ ಲಜಾರಸ್‌ನಲ್ಲಿ. ಲಜಾರಸ್ ಅಂದರೆ ಪಾಸ್ಕಲ್ ಭಾಷೆಯ ಉಚಿತ ರೂಪವಾದ ಫ್ರೀ ಪಾಸ್ಕಲ್‌ನಲ್ಲಿ ಬಟನ್, ಪೆಟ್ಟಿಗೆ ಜೋಡಿಸಿ ಪ್ರೋಗ್ರಾಮ್ ಕಟ್ಟುವ ಉಚಿತ ತಂತ್ರಾಂಶ. ವಿಬಿ 6, ಅಂದರೆ ಮೈಕ್ರೋಸಾಫ್ಟಿನ ಹಳೇ ವಿಷುಯಲ್ ಬೇಸಿಕ್ ಕೂಡ ನೋಡಿದ್ದೆ. ಯುನಿಕೋಡ್ ಕನ್ನಡ ಹಾಕಿದರೆ ಬರೀ ಪ್ರಶ್ನೆ ಚಿಹ್ನೆ ಬಂತು, ಅಲ್ಲಿಗೇ ಬಿಟ್ಟೆ.

ಪೈಥಾನ್‌ನಲ್ಲಿ ಬರೆಯೋದು ಸಲೀಸು, ಎರಡು ಸಂಜೆಯಲ್ಲಿ ಮುಗಿಯಿತು. ತೊಂದರೆ ಶುರುವಾಗಿದ್ದು ವಖಾರಿಗೆ ಒಯ್ದ ಮೇಲೆ. ವಿಂಡೋಸ್ 7ಕ್ಕೆ ಪೈಥಾನ್ 3.8 ಕೊನೆ, ಅದಕ್ಕೂ 2024ರಲ್ಲಿ ಬೆಂಬಲ ನಿಂತಿತು. ಪೈಇನ್‌ಸ್ಟಾಲರ್‌ನಿಂದ ಪ್ರೋಗ್ರಾಮ್, ಅದಕ್ಕೆ ಬೇಕಾದ ಪೈಥಾನ್ ಎಲ್ಲ ಸೇರಿಸಿ ಒಂದೇ ಫೈಲ್ ಮಾಡಿಕೊಟ್ಟೆ. ಅದು ಪ್ರತಿ ಸಲವೂ ಒಳಗಿನದನ್ನೆಲ್ಲ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಂಡು ಆಮೇಲೆ ಓಡುತ್ತದೆ. ಆ ಹಳೇ ಹಾರ್ಡ್ ಡಿಸ್ಕಿನಲ್ಲಿ 14 ಸೆಕೆಂಡ್ ಹಿಡಿಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಇದೇ ಕತೆ. ಚೀಲ ತಂದವರು ಎದುರಿಗೆ ನಿಂತಿರುವಾಗ ಮಾವ ಕೇಳುತ್ತಿದ್ದರು, "ತಮಾ, ಇದೆಂತ ಇನ್ನೂ ಬರ್ಲಿಲ್ಲ?"

ಲಜಾರಸ್‌ನದ್ದು ಒತ್ತಿದ ಕೂಡಲೇ ತೆರೆಯುತ್ತದೆ. ತಪ್ಪು ಹುಡುಕಲು ಇರುವ ಡೀಬಗ್ ಮಾಹಿತಿ ತೆಗೆದರೆ ಫೈಲು 3 ಎಂಬಿ ಚಿಲ್ಲರೆ. ಬೇರೇನೂ ಹಾಕಬೇಕಿಲ್ಲ, ಪೆನ್‌ಡ್ರೈವ್‌ನಿಂದ ಕಾಪಿ ಮಾಡಿದರೆ ಆಯ್ತು. ದುಡ್ಡಿನ ಲೆಕ್ಕಕ್ಕೆ ಕರೆನ್ಸಿ ಅಂತಲೇ ಒಂದು ಬಗೆ ಇದೆ, ದಶಾಂಶದ ನಾಲ್ಕು ಸ್ಥಾನದವರೆಗೆ ಪಕ್ಕಾ. ಪೈಥಾನ್‌ನಲ್ಲಿ 0.1 ಮತ್ತು 0.2 ಸುಮ್ನೆ ಕೂಡಿಸಿದರೆ 0.30000000000000004 ಬರುತ್ತದೆ. ಡೆಸಿಮಲ್ ಅನ್ನೋ ಬಗೆ ಬಳಸಿದರೆ ಸರಿಯಾಗುತ್ತದೆ, ಆದರೆ ಅದನ್ನು ನಾವೇ ನೆನಪಿಟ್ಟುಕೊಂಡು ಹಾಕಬೇಕು.

ಕನ್ನಡದಲ್ಲಿ ಮಾತ್ರ ಎರಡೂ ನನ್ನನ್ನು ಸುಸ್ತು ಮಾಡಿದವು. ಪಟ್ಟಿಯಲ್ಲಿ ರಾಶಿ, ಚಾಲಿ, ಬೆಟ್ಟೆ ಅಂತ ಅಡಿಕೆಯ ಒಂದೊಂದು ಬಗೆಗೆ ಒಂದೊಂದು ಸಾಲು. ಬೆಟ್ಟೆಯ ಸಾಲಿನಲ್ಲಿ ದರ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ನೋಡಿದರೆ, "ಬೆಟ್ಟೆ" ಎಷ್ಟು ಉದ್ದ ಅಂದರೆ ಪಾಸ್ಕಲ್ 18 ಅನ್ನುತ್ತದೆ, ಅದು ಬೈಟ್ ಎಣಿಸುತ್ತದೆ, ಇಲ್ಲಿ ಒಂದೊಂದು ಗುರುತಿಗೆ ಮೂರು ಬೈಟ್. ಪೈಥಾನ್ 6 ಅನ್ನುತ್ತದೆ, ಒತ್ತು, ಎತ್ವ ಎಲ್ಲ ಬೇರೆ ಬೇರೆ. ಕಣ್ಣಿಗೆ ಕಾಣೋದು ಎರಡೇ ಅಕ್ಷರ, ಅಲ್ವಾ? ಕೊನೆಗೆ ಎಣಿಸೋದು ಬಿಟ್ಟು, ಬರಹದ ಅಗಲವನ್ನೇ ಅಳೆದು ದರದ ಜಾಗ ಗೊತ್ತು ಮಾಡಿದೆ.

ಹೊಸ ಕಂಪ್ಯೂಟರ್, ಎಸ್‌ಎಸ್‌ಡಿ ಅನ್ನೋ ವೇಗದ ಡಿಸ್ಕ್ ಬಂದರೆ ಆ 14 ಸೆಕೆಂಡಿನ ಮಾತೇ ಇರೋದಿಲ್ಲ. ಆಗಲೂ ನಾನು ಲಜಾರಸ್ಸನ್ನೇ ಇಟ್ಟುಕೊಳ್ಳುತ್ತೇನೆ. ಭಾಷೆಯ ಭವಿಷ್ಯದ ಬಗ್ಗೆ ಚಿಂತೆ ಇದ್ದೇ ಇದೆ. ಪಾಸ್ಕಲ್ 1970ರದ್ದು. ಫ್ರೀ ಪಾಸ್ಕಲ್ 3.2.2 ಬಂದಿದ್ದು 2021ರಲ್ಲಿ, ಆಮೇಲೆ ವರ್ಷಗಟ್ಟಲೆ ಹೊಸದು ಬರಲಿಲ್ಲ. ಲಜಾರಸ್ ಮಾತ್ರ 2023ರ ಕೊನೆಗೆ 3.0, 2025ರಲ್ಲಿ 4.0 ಆಯಿತು. ತಂತ್ರಾಂಶ ಉಳಿಯುತ್ತದೆ ಅಂತ ನನಗೆ ಧೈರ್ಯ ಇದೆ. ನಾನಿಲ್ಲದಾಗ ಇದನ್ನು ನೋಡಿಕೊಳ್ಳುವವರು ಯಾರು ಅನ್ನೋದೇ ಪ್ರಶ್ನೆಯಾಗಿತ್ತು.

ಮಾವನ ಮಗಳು ಬಿಸಿಎ ಓದುತ್ತಿದ್ದಾಳೆ, ಅವಳಿಗೆ ಗೊತ್ತಿರೋದು ಪೈಥಾನ್. ಕಳೆದ ತಿಂಗಳು ಕೆಂಪುಗೋಟು ಅನ್ನೋ ಅಡಿಕೆ ಬಗೆಗೆ ಬೇರೆ ಸಾಲು ಬೇಕಾಯಿತು. ನಾನು ಕಾರವಾರದಲ್ಲಿದ್ದೆ, ಲಜಾರಸ್‌ನಲ್ಲಿ ಹೇಗೆ ಅಂತ ಫೋನಿನಲ್ಲೇ ಹೇಳಿಕೊಟ್ಟೆ. ಅರ್ಧ ಗಂಟೆಯಲ್ಲಿ ಅವಳೇ ಸೇರಿಸಿ, ಪಟ್ಟಿಯ ಫೋಟೋ ಕಳಿಸಿದಳು. ದರ ನೆಟ್ಟಗೆ ಕೂತಿತ್ತು.