ಜೆಲ್ಲಿಫಿನ್: ಹಳೇ ಡಿವಿಡಿ ರಾಶಿಗೆ ಮನೆಯದೇ ಓಟಿಟಿ

ಒಂದು ಸಲ ನೋಡಿ ಬಿಡುವ ಹೊಸ ಸಿನಿಮಾಗಳಿಗೆ ಓಟಿಟಿ ಚಂದಾನೇ ಸರಿ. ಆದರೆ ಹಕ್ಕಿನ ಅವಧಿ ಮುಗಿದರೆ ಚಿತ್ರ ಅಲ್ಲಿಂದ ಮಾಯ. ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟದ್ದೂ ಅಷ್ಟೇ, ಗಡುವು ದಾಟಿದ ಮೇಲೆ ತೆರೆಯುವುದಿಲ್ಲ. ಕಪಾಟಿನಲ್ಲಿ ಕನ್ನಡ ಡಿವಿಡಿ, ವಿಸಿಡಿ ಪೇರಿಸಿಟ್ಟವರಿಗೆ ಜೆಲ್ಲಿಫಿನ್ ಒಳ್ಳೆಯ ದಾರಿ. ಒಂದು ಕಂಪ್ಯೂಟರಿನಲ್ಲಿಟ್ಟ ನಮ್ಮದೇ ಸಿನಿಮಾ ಫೈಲುಗಳನ್ನು ಮನೆಯ ಟಿವಿ, ಫೋನುಗಳಲ್ಲಿ ನೋಡಲು ಬಿಡುವ ತಂತ್ರಾಂಶ ಇದು; ಆ ಕಂಪ್ಯೂಟರೇ ಸರ್ವರ್. ಪೂರ್ತಿ ಉಚಿತ, ಹಳೇ ಪಿಸಿಗೆ ಹಾಕಿಕೊಂಡು ಅದೇ ಪಿಸಿಯ ಬ್ರೌಸರಿನಲ್ಲಿ 8096ನೇ ಪೋರ್ಟ್ (localhost:8096) ತೆರೆದರೆ ಸೆಟಪ್ ಶುರು.

ಡಿವಿಡಿಯನ್ನು ಮೇಕ್‌ಎಂಕೆವಿ ಎಂಬ ತಂತ್ರಾಂಶದಲ್ಲಿ ಕಂಪ್ಯೂಟರಿಗೆ ಇಳಿಸಿದರೆ ಗುಣಮಟ್ಟ ಒಂಚೂರೂ ಕೆಡದೆ 4ರಿಂದ 8 ಜಿಬಿಯ ಫೈಲ್ ಸಿಗುತ್ತದೆ. 4 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಇಂಥವು ಸುಮಾರು 500 ಹಿಡಿಸುತ್ತವೆ. ಡಿಸ್ಕ್ ಎಫ್‌ಎಟಿ32 ಎಂಬ ಹಳೇ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿ ದಾಟಿದ ಫೈಲ್ ಕಾಪಿಯೇ ಆಗದು, ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ವಿಸಿಡಿಯ ಚಿತ್ರ ಬರೀ 352×288. ದೊಡ್ಡ ಟಿವಿಯಲ್ಲಿ ಮಸುಕೇ. ಬೇರೆಲ್ಲೂ ಸಿಗದ ಚಿತ್ರವಾದರೆ ಮಾತ್ರ ಇಳಿಸಿ, ಒಂದೇ ಚಿತ್ರ ಎರಡು ಡಿಸ್ಕಿನಲ್ಲಿದ್ದರೆ ಫೈಲ್ ಹೆಸರಿನ ಕೊನೆಗೆ -cd1, -cd2 ಅಂತ ಸೇರಿಸಿ.

ಫೈಲಿನ ಹೆಸರು ನೋಡಿಯೇ ಜೆಲ್ಲಿಫಿನ್ ಚಿತ್ರದ ಪೋಸ್ಟರ್, ವಿವರ ಹುಡುಕಿ ತರುವುದರಿಂದ ಹೆಸರಿನ ಜೊತೆ ಇಸವಿ ಇರಲೇಬೇಕು. 'ನಾಗರಹಾವು' ಅಂತಷ್ಟೇ ಇಟ್ಟರೆ 1972ರದ್ದೋ, 2002ರದ್ದೋ, 2016ರದ್ದೋ ಅಂತ ಅದಕ್ಕೆ ತಿಳಿಯುವುದು ಹೇಗೆ? ವಿಷ್ಣುವರ್ಧನ್ ಚಿತ್ರಕ್ಕೆ ಉಪೇಂದ್ರ ಪೋಸ್ಟರ್ ಬಂದು ಕೂರಬಹುದು. ಫೋಲ್ಡರಿಗೂ ಫೈಲಿಗೂ Nagarahavu (1972) ಅಂತಲೇ ಇಡಿ.

ಜನ ಬೈಯುವುದು 'ಸ್ಟಕ್ ಆಗುತ್ತೆ' ಅಂತ. ತಪ್ಪು ಬಹುಪಾಲು ಟ್ರಾನ್ಸ್‌ಕೋಡಿಂಗ್‌ನದು, ಅಂದರೆ ವಿಡಿಯೋವನ್ನು ಬೇರೆ ಮಾದರಿಗೆ ಪರಿವರ್ತಿಸುವುದರದು. ಡಿವಿಡಿಯ ವಿಡಿಯೋ ಎಂಪೆಗ್-2 ಎಂಬ ಹಳೇ ಮಾದರಿಯದು; ಬ್ರೌಸರುಗಳು ಅದನ್ನು ನೇರ ಓಡಿಸವು, ಹಾಗಾಗಿ ಸರ್ವರ್ ಆಡಿಸುತ್ತಲೇ ಪರಿವರ್ತಿಸಬೇಕಾಗುತ್ತದೆ. ಡಿವಿಡಿಯ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಅದನ್ನು ಆನ್ ಮಾಡಿದಾಗಲೂ ಎಷ್ಟೋ ಸಲ ವಿಡಿಯೋ ಮೇಲೆ ಅಚ್ಚು ಹಾಕಿ ಕಳಿಸಬೇಕು, ಹಳೇ ಸಿಪಿಯು ಏದುಸಿರು ಬಿಡುತ್ತದೆ. ಚಿತ್ರ ಓಡುವಾಗ ಜೆಲ್ಲಿಫಿನ್ ಡ್ಯಾಶ್‌ಬೋರ್ಡಿನಲ್ಲಿ 'ಡೈರೆಕ್ಟ್ ಪ್ಲೇ' (ಪರಿವರ್ತನೆಯಿಲ್ಲದೆ ನೇರ ಓಟ) ಅಂತ ಇದೆಯೋ ನೋಡಿ. ಇಲ್ಲವಾದರೆ ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತಕ ತಂತ್ರಾಂಶದಲ್ಲಿ ವಿಡಿಯೋ ಮಾದರಿ ಎಕ್ಸ್264, ಗುಣಮಟ್ಟದ ಅಂಕಿ ಆರ್‌ಎಫ್ 18-20 ಇಟ್ಟು ಒಮ್ಮೆ ಪರಿವರ್ತಿಸಿ. ಪಾತ್ರ ಓಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಡಿಇಂಟರ್‌ಲೇಸ್ ಆನ್ ಮಾಡುವುದನ್ನು ಮರೆಯಬೇಡಿ. ಸಬ್‌ಟೈಟಲ್ ಎಸ್‌ಆರ್‌ಟಿ ಎಂಬ ಅಕ್ಷರರೂಪದ ಫೈಲಾಗಿ, ಯುಟಿಎಫ್-8 (ಯುನಿಕೋಡ್) ಎನ್‌ಕೋಡಿಂಗಿನಲ್ಲಿರಲಿ.

ಬ್ಲೂರೇ ಬೇರೆಯೇ ಲೆಕ್ಕ: ಒಂದು ಡಿಸ್ಕಿಗೆ 50 ಜಿಬಿವರೆಗೆ ಬೇಕು. ಸೆಕೆಂಡಿಗೆ 30 ಮೆಗಾಬಿಟ್ ಹರಿಯುವ ಅದಕ್ಕೆ ಗೋಡೆಯಾಚೆಯ ವೈಫೈ ನಂಬಬೇಡಿ, ಸರ್ವರಿಂದ ರೌಟರಿಗೆ ಲ್ಯಾನ್ ಕೇಬಲ್ಲೇ ಎಳೆಯಿರಿ. ಹಾರ್ಡ್‌ಡಿಸ್ಕ್ ಕೈಕೊಟ್ಟರೆ ಎಲ್ಲ ಮತ್ತೆ ಮೊದಲಿಂದ ಇಳಿಸಬೇಕು, ಆದ್ದರಿಂದ ಎರಡನೇ ಡಿಸ್ಕಿನ ಖರ್ಚನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ.