ಆರ್‌ಟಿಎಕ್ಸ್ 3060 ಮತ್ತು 4060: ವೇಗ ಒಂದರದು, ಮೆಮೊರಿ ಇನ್ನೊಂದರದು

ಎನ್ವಿಡಿಯಾದ ಜೀಫೋರ್ಸ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು ಮಾರುಕಟ್ಟೆಗೆ ಬಂದದ್ದು 2021ರ ಫೆಬ್ರವರಿಯಲ್ಲಿ. ಅದರ ಜಾಗ ತುಂಬಲೆಂದು 4060 ಬಂದದ್ದು 2023ರ ಜೂನ್ ಕೊನೆಗೆ. ಹೊಸ ಪೀಳಿಗೆಯ ಕಾರ್ಡು ಹಳೆಯದನ್ನು ಎಲ್ಲ ವಿಷಯದಲ್ಲೂ ಹಿಂದೆ ಹಾಕುತ್ತದೆ ಎಂದು ನಂಬಿ ಮಾದರಿ ಸಂಖ್ಯೆ ನೋಡಿಯೇ ಕೊಳ್ಳುವವರು ಬಹಳ. ಈ ಜೋಡಿಯ ಮಟ್ಟಿಗೆ ಆ ನಂಬಿಕೆ ಅರ್ಧದಷ್ಟೇ ಸರಿ. ಒಂದೇ ಕಂಪ್ಯೂಟರಿನಲ್ಲಿ, ಒಂದೇ ಪ್ರೊಸೆಸರ್ ಮತ್ತು ಒಂದೇ 1080ಪಿ ಪರದೆ ಇಟ್ಟುಕೊಂಡು, ಕಾರ್ಡು ಬದಲಿಸಿದಾಗಲೆಲ್ಲ ಹಳೆಯ ಡ್ರೈವರನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿ, ಆಟ, ವಿಡಿಯೊ ಎಡಿಟಿಂಗ್, ಬ್ಲೆಂಡರ್ (3ಡಿ ದೃಶ್ಯಗಳನ್ನು ರಚಿಸುವ ತಂತ್ರಾಂಶ) ಮತ್ತು ನಮ್ಮ ಯಂತ್ರದಲ್ಲೇ ಓಡಿಸಬಹುದಾದ ಭಾಷಾ ಮಾದರಿಗಳಲ್ಲಿ (ಪ್ರಶ್ನೆಗೆ ಉತ್ತರ ಬರೆದುಕೊಡುವ ಎಐ) ಎರಡನ್ನೂ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. 3060ರಲ್ಲಿ ಲೆಕ್ಕ ಮಾಡುವ 3584 ‘ಕೂಡಾ’ (CUDA) ಕೋರ್‌ಗಳಿವೆ, 4060ರಲ್ಲಿ 3072 ಮಾತ್ರ. ಆದರೆ ಹಳೆಯದರ ಬೂಸ್ಟ್ ವೇಗ 1.78 ಗಿಗಾಹರ್ಟ್ಜ್ ಆದರೆ ಹೊಸದರದು 2.46. ಕೋರ್‌ಗಳ ಸಂಖ್ಯೆಯನ್ನು ವೇಗದಿಂದ ಗುಣಿಸಿದರೆ 4060ರ ಕಡೆ ಸುಮಾರು ಶೇಕಡ 18ರಷ್ಟು ಹೆಚ್ಚು ಶಕ್ತಿ ಉಳಿಯುತ್ತದೆ, ಮತ್ತು ಆಟಗಳಲ್ಲಿ ನನಗೆ ಕಂಡ ಅಂತರವೂ ಹೆಚ್ಚು ಕಡಿಮೆ ಅಷ್ಟೇ. ಮೆಮೊರಿಯ ಕಡೆ ಬಂದರೆ ತಕ್ಕಡಿ ತಿರುಗುತ್ತದೆ. ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿಯೇ ಬಸ್: 3060ಕ್ಕೆ 192 ಬಿಟ್ ಬಸ್‌ನಲ್ಲಿ 12 ಜಿಬಿ, ಸೆಕೆಂಡಿಗೆ 360 ಜಿಬಿ ಸಾಗಣೆ, 4060ಕ್ಕೆ 128 ಬಿಟ್ ಬಸ್‌ನಲ್ಲಿ 8 ಜಿಬಿ, ಸೆಕೆಂಡಿಗೆ 272 ಜಿಬಿ. ಈ ಕೊರತೆಯನ್ನು ತುಂಬಲು ಹೊಸ ಚಿಪ್ಪಿನೊಳಗೆ 24 ಎಂಬಿ ಎಲ್2 ಕ್ಯಾಶ್ (ಸಣ್ಣದಾದರೂ ಅತಿ ವೇಗದ ಮೆಮೊರಿ) ಇಟ್ಟಿದ್ದಾರೆ. ಹಳೆಯದರಲ್ಲಿ ಇರುವುದು 3 ಎಂಬಿ.

ಆ ಕ್ಯಾಶ್ ಆಟಗಳಲ್ಲಿ ನಿಜವಾಗಿಯೂ ಕೆಲಸ ಮಾಡುತ್ತದೆ. ಒಂದು ಫ್ರೇಮ್, ಅಂದರೆ ಪರದೆಯ ಒಂದು ಚಿತ್ರ, ಬಿಡಿಸುವಾಗ ಅದೇ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ), ಅದೇ ಡೆಪ್ತ್ (ಯಾವ ವಸ್ತು ಎಷ್ಟು ದೂರ ಎಂಬ) ಮಾಹಿತಿ ಮತ್ತೆ ಮತ್ತೆ ಬೇಕಾಗುವುದರಿಂದ ಬಹುಪಾಲು ಓದು ಚಿಪ್ಪಿನೊಳಗೇ ಮುಗಿಯುತ್ತದೆ, ಕಿರಿದಾದ ಬಸ್ಸಿನ ತೊಂದರೆ 1080ಪಿಯಲ್ಲಿ ಗೊತ್ತಾಗುವುದೇ ಇಲ್ಲ. ಪರದೆಯ ರೆಸಲ್ಯೂಷನ್ ಏರಿದಂತೆ ಆ ಅನುಕೂಲ ಕರಗುತ್ತ ಹೋಗುತ್ತದೆ. ಸೈಬರ್‌ಪಂಕ್ 2077ರಂತಹ ಭಾರವಾದ ಆಟದಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರಿಸುವ ವಿಧಾನ) ಹಚ್ಚಿದಾಗ 4060 ಇನ್ನೂ ಚೆನ್ನಾಗಿ ಮುಂದೆ ನಿಲ್ಲುತ್ತದೆ. ಜೊತೆಗೆ ಎನ್ವಿಡಿಯಾದ ಡಿಎಲ್‌ಎಸ್‌ಎಸ್ 3 ತಂತ್ರಜ್ಞಾನದ ಫ್ರೇಮ್ ಜನರೇಷನ್ ಅದಕ್ಕಿದೆ, 3060ಕ್ಕೆ ಇಲ್ಲ. ಈ ಸೌಲಭ್ಯದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದು ಎರಡು ನಿಜ ಫ್ರೇಮ್‌ಗಳ ನಡುವೆ ಒಂದನ್ನು ಸೇರಿಸುವುದರಿಂದ ಕಣ್ಣಿಗೆ ಚಲನೆ ನುಣುಪಾಗಿ ಕಾಣುತ್ತದೆಯೇ ಹೊರತು, ಮೌಸ್ ಅಲ್ಲಾಡಿಸಿದ್ದಕ್ಕೆ ಪರದೆ ಸ್ಪಂದಿಸುವ ಹೊತ್ತು ಕಡಿಮೆಯಾಗುವುದಿಲ್ಲ. ಮೂಲದಲ್ಲೇ ಸೆಕೆಂಡಿಗೆ 60ರ ಆಸುಪಾಸು ಫ್ರೇಮ್ ಬರುತ್ತಿದ್ದರೆ ಬಹಳ ಹಿತವೆನಿಸುತ್ತದೆ. 30ಕ್ಕೆ ಇಳಿದ ಆಟವನ್ನು ಇದರಿಂದ ಎತ್ತಲು ಹೋದರೆ ಸಂಖ್ಯೆ ಏರುತ್ತದೆ, ಕೈಗೆ ಮಾತ್ರ ಭಾರವಾಗಿಯೇ ಇರುತ್ತದೆ.

ಸರಾಸರಿ ಫ್ರೇಮ್ ಸಂಖ್ಯೆಯನ್ನೇ ನೋಡಿ ನಿಲ್ಲಿಸಿದರೆ 4060 ಗೆದ್ದಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ಟೆಕ್ಸ್ಚರ್ ಗುಣಮಟ್ಟವನ್ನು ಅತಿ ಹೆಚ್ಚಿನ ಮಟ್ಟಕ್ಕೆ ಏರಿಸಿ, ಪ್ರತಿ ಫ್ರೇಮಿಗೆ ಹಿಡಿದ ಸಮಯದ ಗ್ರಾಫನ್ನು ಪರದೆಯ ಮೂಲೆಯಲ್ಲಿ ಇಟ್ಟುಕೊಂಡು ಆಡಿದಾಗ ಬೇರೆಯ ಸಂಗತಿ ಕಂಡಿತು. ಇತ್ತೀಚಿನ ಕೆಲವು ದೊಡ್ಡ ಆಟಗಳಲ್ಲಿ ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ 4060ರ ಗೆರೆ ಒಮ್ಮೆಗೆ ಮೇಲಕ್ಕೆ ಚಿಮ್ಮುತ್ತಿತ್ತು, ಗೋಡೆಯ ಇಟ್ಟಿಗೆಗಳು ಕ್ಷಣಕಾಲ ಮಸುಕಾಗಿ ಕಂಡು ಆಮೇಲೆ ಸ್ಪಷ್ಟವಾಗುತ್ತಿದ್ದವು. ಅದೇ ಜಾಗದಲ್ಲಿ 3060 ಕಡಿಮೆ ಫ್ರೇಮ್ ಕೊಟ್ಟರೂ ಗೆರೆ ಮಟ್ಟಸವಾಗಿತ್ತು. ಕಾರಣ ಸರಳ. 8 ಜಿಬಿಯಲ್ಲಿ ಹಿಡಿಸದ ಮಾಹಿತಿ ಮದರ್‌ಬೋರ್ಡಿನ ರ‍್ಯಾಮಿಗೆ ಹೋಗುತ್ತದೆ, ಬೇಕಾದಾಗ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ದಾರಿ) ಮೂಲಕ ಮರಳಿ ಬರಬೇಕಾಗುತ್ತದೆ. 4060 ಬಳಸುವುದು ಎಂಟು ಲೇನ್ ಮಾತ್ರ, 3060 ಹದಿನಾರು. ಮೂರನೇ ಪೀಳಿಗೆಯ ಸ್ಲಾಟ್ ಇರುವ ಹಳೆಯ ಮದರ್‌ಬೋರ್ಡಿನಲ್ಲಿ ಎಂಟು ಲೇನ್‌ಗಳಿಂದ ಸಿಗುವುದು ಸೆಕೆಂಡಿಗೆ ಸುಮಾರು 8 ಜಿಬಿ. ಕಾರ್ಡಿನ ಸ್ವಂತ ಮೆಮೊರಿಯ 272ರ ಎದುರು ಅದು ಲೆಕ್ಕಕ್ಕೇ ಇಲ್ಲ. ಹಳೆಯ ಕಂಪ್ಯೂಟರಿಗೆ ಕಾರ್ಡೊಂದನ್ನೇ ಬದಲಿಸುವವರು ಇದನ್ನು ಗಮನದಲ್ಲಿಡಬೇಕು. ಟೆಕ್ಸ್ಚರನ್ನು ಒಂದು ಮೆಟ್ಟಿಲು ಇಳಿಸಿದರೆ ಚಿಮ್ಮುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳುವುದು ನ್ಯಾಯ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಭಾಷಾ ಮಾದರಿಗಳು. ಇಲ್ಲಿ ಪ್ರತಿಯೊಂದು ಟೋಕನ್ (ಪದ ಅಥವಾ ಪದದ ತುಂಡು) ಹುಟ್ಟಬೇಕಾದರೂ ಮಾದರಿಯ ಅಷ್ಟೂ ತೂಕಗಳನ್ನು, ಅಂದರೆ ಅದು ಕಲಿತಿಟ್ಟ ಸಂಖ್ಯೆಗಳನ್ನು, ಮೆಮೊರಿಯಿಂದ ಒಮ್ಮೆ ಓದಬೇಕು. ಹಲವು ಜಿಬಿಯ ಆ ರಾಶಿಯ ಮುಂದೆ 24 ಎಂಬಿ ಕ್ಯಾಶ್ ಏನೂ ಮಾಡಲಾರದು, ನಿರ್ಣಾಯಕವಾಗುವುದು ಬಸ್ಸಿನ ಸಾಗಣೆಯೇ. 4 ಜಿಬಿ ಗಾತ್ರದ, ಪ್ರತಿ ತೂಕವನ್ನೂ ನಾಲ್ಕು ಬಿಟ್ಟಿಗೆ ಇಳಿಸಿದ 700 ಕೋಟಿ ಪ್ಯಾರಾಮೀಟರಿನ ಮಾದರಿಯನ್ನು ತೆಗೆದುಕೊಂಡರೆ, 3060ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 90 ಟೋಕನ್, 4060ರಲ್ಲಿ 68 ಎಂಬುದು ಕಾಗದದ ಮೇಲಿನ ಮಿತಿ. ನಿಜದಲ್ಲಿ ಎರಡೂ ಅದಕ್ಕಿಂತ ಕೆಳಗೆ ನಿಲ್ಲುತ್ತವೆ, ಆದರೆ ಹಳೆಯದೇ ಮುಂದೆ ಓಡುವುದು ಕಣ್ಣಿಗೆ ಕಾಣುತ್ತದೆ. ಹೀಗೆಯೇ ನಾಲ್ಕು ಬಿಟ್ಟಿಗೆ ಇಳಿಸಿದ 1300 ಕೋಟಿ ಪ್ಯಾರಾಮೀಟರಿನ ಮಾದರಿಗೆ ಹೋದರೆ ಸ್ಪರ್ಧೆಯೇ ಉಳಿಯುವುದಿಲ್ಲ: ತೂಕಗಳ ಜೊತೆಗೆ ಸಂಭಾಷಣೆಯ ಹಿಂದಿನ ಭಾಗಕ್ಕೂ ಜಾಗ ಬೇಕಾಗುವುದರಿಂದ 8 ಜಿಬಿ ಸಾಲದೆ ಕೆಲವು ಪದರಗಳು ಪ್ರೊಸೆಸರಿಗೆ ಹೋಗುತ್ತವೆ, ಉತ್ತರ ತೊಟ್ಟಿಕ್ಕತೊಡಗುತ್ತದೆ. 12 ಜಿಬಿಯಲ್ಲಿ ಅದೇ ಮಾದರಿ ಪೂರ್ತಿ ಕಾರ್ಡಿನೊಳಗೇ ಕುಳಿತುಕೊಳ್ಳುತ್ತದೆ.

ಬ್ಲೆಂಡರಿನಲ್ಲಿ ದೃಶ್ಯ 8 ಜಿಬಿಯೊಳಗೆ ಹಿಡಿಸುವವರೆಗೆ 4060 ಬೇಗ ಮುಗಿಸುತ್ತದೆ, ಮೀರಿದ ಮೇಲೆ ಮುಗ್ಗರಿಸುತ್ತದೆ. ವಿಡಿಯೊದಲ್ಲಿ ಎವಿ1 (ವಿಡಿಯೊವನ್ನು ಕುಗ್ಗಿಸಿಡುವ ಒಂದು ವಿಧಾನ) ಕಡತಗಳನ್ನು ನೋಡಲು ಎರಡೂ ಸಾಕು. ಎವಿ1ಗೆ ಎನ್‌ಕೋಡ್ ಮಾಡುವ ಯಂತ್ರಾಂಶ ಮಾತ್ರ 4060ರಲ್ಲಷ್ಟೇ ಇದೆ. ನೇರ ಪ್ರಸಾರ ಮಾಡುವವರಿಗೂ ದೊಡ್ಡ ವಿಡಿಯೊಗಳನ್ನು ಕಾಪಿಡುವವರಿಗೂ ಇದು ಸಣ್ಣ ಅನುಕೂಲವಲ್ಲ. ವಿದ್ಯುತ್ತಿನ ವಿಷಯದಲ್ಲಂತೂ ಹೊಸದಕ್ಕೆ ಎದುರಿಲ್ಲ: 170 ವ್ಯಾಟ್‌ಗೆ ಪ್ರತಿಯಾಗಿ 115 ವ್ಯಾಟ್. ಸಣ್ಣ ಕ್ಯಾಬಿನೆಟ್, ಸಾಧಾರಣ ಪವರ್ ಸಪ್ಲೈ ಇರುವವರು ಇದೊಂದೇ ಕಾರಣಕ್ಕೆ 4060 ಆರಿಸಿದರೂ ನಾನು ಒಪ್ಪುತ್ತೇನೆ. ಫ್ಯಾನಿನ ಸದ್ದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ, ಅದು ಕಾರ್ಡು ಕಟ್ಟಿದ ಕಂಪನಿಯ ಕೂಲರ್‌ಗೆ ಸೇರಿದ್ದು.

ಆಟವೇ ಮುಖ್ಯ, ಪರದೆ 1080ಪಿ, ಮದರ್‌ಬೋರ್ಡು ಹೊಸದು ಎನ್ನುವವರಿಗೆ ನನ್ನ ಸಲಹೆ 4060. ಭಾಷಾ ಮಾದರಿ, ದೊಡ್ಡ ಬ್ಲೆಂಡರ್ ದೃಶ್ಯಗಳು ದಿನನಿತ್ಯದ ಕೆಲಸವಾಗಿದ್ದರೆ 3060. ನನ್ನ ಕೆಲಸದ ಕಂಪ್ಯೂಟರಿನಲ್ಲಿ ಈಗ ಇರುವುದೂ ಅದೇ. ಆದರೆ ಅದೇ ಹೆಸರಿನಲ್ಲಿ 128 ಬಿಟ್ ಬಸ್‌ನ 8 ಜಿಬಿ ಆವೃತ್ತಿಯೊಂದು ಇದೆ, ಅದರ ಸಾಗಣೆ ಸೆಕೆಂಡಿಗೆ 240 ಜಿಬಿಗೆ ಇಳಿಯುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ 12 ಜಿಬಿ ಎಂದಿರುವುದನ್ನು ಓದಿಯೇ ಕೊಳ್ಳಬೇಕು. ಈಗಾಗಲೇ 8 ಜಿಬಿಯ ಕಾರ್ಡೊಂದು ಕೈಯಲ್ಲಿದ್ದವರು ಕೊಳ್ಳುವ ಮುನ್ನ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ತಮ್ಮ ಮಾಮೂಲಿ ಕೆಲಸ ಮಾಡಿ ನೋಡಲಿ. ಡೆಡಿಕೇಟೆಡ್ ಜಿಪಿಯು ಮೆಮೊರಿ ತುಂಬಿದಂತೆ ಕಂಡ ಮಾತ್ರಕ್ಕೆ ಗಾಬರಿ ಬೇಡ, ಎಷ್ಟೋ ಆಟಗಳು ಬೇಕಾದ್ದಕ್ಕಿಂತ ಹೆಚ್ಚು ಜಾಗವನ್ನು ಮೊದಲೇ ಹಿಡಿದಿಡುತ್ತವೆ. ಅದರ ಕೆಳಗಿನ ಶೇರ್ಡ್ ಜಿಪಿಯು ಮೆಮೊರಿಯ ಸಂಖ್ಯೆ ಕೆಲಸದ ನಡುವೆ ಏರುತ್ತ ಹೋಗಿ, ಅದೇ ಹೊತ್ತಿಗೆ ಪರದೆಯೂ ತಡವರಿಸಿದರೆ, ಅಂಥವರಿಗೆ 8 ಜಿಬಿ ಸಾಲದು.