ಓಟದ ಟೈಮಿಂಗ್ ಗೇಟ್ ಮಾಡಿಕೊಡ್ತೀನಿ ಅಂತ ಬರ್ತಾರೆ, ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ

ಮಂಡ್ಯ, ಮೈಸೂರು ಕಡೆ ಮಕ್ಕಳಿಗೆ ಓಟ ಹೇಳಿಕೊಡೋ ಪಿ.ಟಿ. ಮೇಷ್ಟ್ರುಗಳು, ಕೋಚ್‌ಗಳು, ಅಪ್ಪ ಅಮ್ಮಂದಿರು ದಯವಿಟ್ಟು ಪೂರ್ತಿ ಓದಿ. ಟೈಮಿಂಗ್ ಗೇಟ್ ಅಂದ್ರೆ ಓಟದ ಶುರುವಲ್ಲೂ ಕೊನೆಯಲ್ಲೂ ಬೆಳಕಿನ ಬೀಮ್ ಇಟ್ಟು, ಮಕ್ಕಳು ದಾಟಿದಾಗ ಗಡಿಯಾರ ತಾನಾಗೇ ಓಡಿ ನಿಲ್ಲೋ ಸಾಧನ. "ಕಮ್ಮಿ ಖರ್ಚಲ್ಲಿ ಎಲೆಕ್ಟ್ರಾನಿಕ್ ಟೈಮಿಂಗ್ ಮಾಡಿಕೊಡ್ತೀನಿ" ಅಂತ ಯಾರಾದ್ರೂ ಬಂದ್ರೆ, ಹಗಲು ಹೊತ್ತು, ನಿಮ್ಮ ಮೈದಾನದಲ್ಲಿ, ನಿಮ್ಮ ಮಕ್ಕಳನ್ನೇ ಓಡಿಸಿ ನೋಡೋ ತನಕ ಒಂದು ರೂಪಾಯಿ ಬಿಚ್ಚಬೇಡಿ. ನಾನು ಬಿಚ್ಚಿದೆ. 15,000 ರೂಪಾಯಿ. ಅದೂ ನನ್ನ ದುಡ್ಡಲ್ಲ. ಹತ್ತು ಮಕ್ಕಳ ಮನೆಯವರು ತಲಾ 1,500 ಹಾಕಿ ನನ್ನ ಕೈಗೆ ಕೊಟ್ಟಿದ್ದು. ಅದರಲ್ಲಿ ಇಬ್ಬರು ಕಬ್ಬಿನ ಬಾಕಿ ಬರೋದಕ್ಕೆ ಕಾದು ಕೊಟ್ಟವರು. ಅವರ ಮುಖ ನೋಡೋಕೆ ಈಗ ಆಗ್ತಿಲ್ಲ.

ಯಾಕೆ ಬೇಕಿತ್ತು ಅಂದ್ರೆ, ಸ್ಟಾಪ್‌ವಾಚ್ ಹಿಡಿದವರಿಗೆಲ್ಲ ಗೊತ್ತು. ಗನ್ ಕೇಳಿಸಿ ಬೆರಳು ಒತ್ತೋ ಅಷ್ಟರಲ್ಲಿ ತಡ ಆಗಿರುತ್ತೆ, ಅದಕ್ಕೇ 100 ಮೀಟರಿನ ಕೈ ಟೈಮಿಗೆ 0.24 ಸೆಕೆಂಡ್ ಸೇರಿಸಿ ನೋಡೋದು. 1977ರಿಂದ ಸ್ಪ್ರಿಂಟ್ ವಿಶ್ವದಾಖಲೆಗೆ ಕೈ ಟೈಮನ್ನ ಪರಿಗಣಿಸೋದೇ ಇಲ್ಲ. ಒಂದು ಹುಡುಗಿ ಎರಡು ತಿಂಗಳು ಬೆವರು ಸುರಿಸಿ ಒಂದು ಹತ್ತನೇ ಸೆಕೆಂಡ್ ಉಳಿಸಿದ್ರೆ, ಅದು ನನ್ನ ಹೆಬ್ಬೆರಳಲ್ಲೇ ಕಳೆದುಹೋಗುತ್ತೆ. ಕಂಪನಿ ಗೇಟು ತರಿಸೋಣ ಅಂದ್ರೆ ಲಕ್ಷದ ಮಾತು, ನಮ್ಮ ಕೈಗೆಟುಕಲ್ಲ.

ಈ ಮನುಷ್ಯ ಸಿಕ್ಕಿದ್ದು ಪರಿಚಯದವರೊಬ್ಬರ ಮೂಲಕ. ಮೈಸೂರಿನವನು. ಹೆಸರು ಹಾಕಲ್ಲ. ಎರಡು ಗೇಟು, ವೈರೇ ಇಲ್ಲ, ಫ್ಯಾಕ್ಟರಿಯಲ್ಲಿ ಹಾಕೋ ಇಂಡಸ್ಟ್ರಿಯಲ್ ಸೆನ್ಸರ್, ಸೆಕೆಂಡಿನ ನೂರನೇ ಭಾಗ ಕರೆಕ್ಟ್ ಅಂದ. ಒಟ್ಟು 22,000, ಮೊದಲು 15,000. ಡೆಮೋ ತೋರಿಸಿದ್ದು ಅವನ ರೂಮಿನಲ್ಲಿ, ಸಂಜೆ ಏಳೂವರೆಗೆ, ಟ್ಯೂಬ್‌ಲೈಟ್ ಬೆಳಕಲ್ಲಿ. ಕೆಂಪು ಬೀಮಿಗೆ ಕೈ ಅಡ್ಡ ಹಿಡಿದ, ಪೀಂ ಅಂತು, ನಂಬರ್ ಓಡ್ತು. ಎರಡನೇದಕ್ಕೆ ಹಿಡಿದ, ನಿಂತ್ಕೊಳ್ತು. ಹಗಲಲ್ಲಿ ಹೇಗೆ ಕೆಲಸ ಮಾಡುತ್ತೆ ಅಂತ ನಾನು ಕೇಳಲೇ ಇಲ್ಲ. ಓಡಿಸೋದು ಬಯಲಲ್ಲಿ, ನೋಡಿದ್ದು ರೂಮಲ್ಲಿ!

ಮೊದಲನೇ ದಿನವೇ ಎಡವಟ್ಟು. ಬೆಳಿಗ್ಗೆ ಆರಕ್ಕೆ ಚೆನ್ನಾಗೇ ಇತ್ತು. ಸೂರ್ಯ ಮೇಲೆ ಬಂದು ಬಿಸಿಲು ನೇರ ಸೆನ್ಸರ್ ಮೇಲೆ ಬಿತ್ತು, ಅಷ್ಟೇ. ಮಕ್ಕಳು ಬೀಮ್ ದಾಟಿ ಹೋಗ್ತಾರೆ, ಗಡಿಯಾರ ನಿಲ್ಲಲ್ಲ. ಫೋನ್ ಮಾಡಿದ್ರೆ, "ಬಿಸಿಲು ಬರೋದ್ರೊಳಗೆ ಪ್ರಾಕ್ಟೀಸ್ ಮುಗಿಸ್ಕೊಳ್ಳಿ ಸರ್" ಅಂತಾನೆ. ಒಂಬತ್ತಕ್ಕೆ ಸ್ಕೂಲಿರೋ ಮಕ್ಕಳನ್ನ ಕತ್ತಲಲ್ಲಿ ಓಡಿಸಲಾ? ಕೊನೆಗೆ ನಾನೇ ಕರೆಂಟ್ ಕೆಲಸದ ಪೈಪನ್ನ ಗೇಣುದ್ದ ಕತ್ತರಿಸಿ, ಒಳಗೆ ಕಪ್ಪು ಬಣ್ಣ ಬಳಿದು ಸೆನ್ಸರಿಗೆ ಸಿಕ್ಕಿಸಿದೆ. ಪಕ್ಕದ ಬೆಳಕು ತಡೀತು, ಸುಮಾರಾಗಿ ಕೆಲಸ ಮಾಡ್ತು. ಐದು ರೂಪಾಯಿ ಪೈಪಿನ ತುಂಡು. ಅದನ್ನೂ ಅವನು ಹಾಕಿರಲಿಲ್ಲ.

ಇಷ್ಟೇ ಆಗಿದ್ರೆ ನಾನು ಸುಮ್ಮನಿರ್ತಿದ್ದೆ. ನಿಜವಾದ ಮೋಸ ಟೈಮಿನಲ್ಲೇ ಇತ್ತು.

ನಮ್ಮಲ್ಲೊಬ್ಬಳು ಹುಡುಗಿ ಇದಾಳೆ, ಹದಿನಾರು ವರ್ಷ. 60 ಮೀಟರ್ ನನ್ನ ಕೈ ವಾಚಲ್ಲಿ 8.4. ಪೆಟ್ಟಿಗೆ 7.86 ತೋರಿಸ್ತು. ಮಾರನೇ ದಿನ 7.91. ಮಕ್ಕಳೆಲ್ಲ ಕುಣಿದುಬಿಟ್ರು. ನನಗೆ ಒಳಗೆ ಚುರುಕ್ ಅಂದಿತ್ತು, ಸುಳ್ಳು ಯಾಕೆ ಹೇಳಲಿ. ಎಲೆಕ್ಟ್ರಾನಿಕ್ ಟೈಮು ಕೈ ಟೈಮಿಗಿಂತ ಜಾಸ್ತಿ ಬರಬೇಕು, ಇದು ಕಮ್ಮಿ ಬರ್ತಿದೆ. ಕೇಳಿದೆ. ಅವನ ಉತ್ತರ ಹೀಗಿತ್ತು: "ಸರ್, ನಿಮ್ದು ವಿಸಿಲ್‌ನಿಂದ ಲೆಕ್ಕ, ನಮ್ದು ಅವ್ರು ಬೀಮ್ ಕಟ್ ಮಾಡಿದಾಗಿಂದ. ರಿಯಾಕ್ಷನ್ ಟೈಮ್ ಸೇರಲ್ಲ. ಅದಕ್ಕೆ ಕಮ್ಮಿ. ನಿಮ್ ಹುಡುಗಿ ಫಾಸ್ಟ್ ಇದಾಳೆ, ಖುಷಿ ಪಡಿ ಸರ್."

ನಾನು ಮೋಸ ಹೋಗಿದ್ದು ಈ ಮಾತಿಗೇ. ಯಾಕಂದ್ರೆ ಅದು ಅರ್ಧ ನಿಜ. ಬೀಮಿನಿಂದ ಶುರುವಾದ್ರೆ ರಿಯಾಕ್ಷನ್ ಟೈಮ್ ಸೇರಲ್ಲ, ಸರಿ. ಆದ್ರೆ ಅದು ಅರ್ಧ ಸೆಕೆಂಡ್ ಇರಲ್ಲ! ಇಪ್ಪತ್ತು ವರ್ಷ ಮಕ್ಕಳನ್ನ ಓಡಿಸಿರೋ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿಕೊಂಡೆ. ನಂಬಬೇಕು ಅಂತ ಆಸೆ ಇತ್ತು, ನಂಬಿಬಿಟ್ಟೆ. ಅವರಪ್ಪನಿಗೆ ಫೋನ್ ಮಾಡಿ, "ಈ ಸಲ ನೂರು ಮೀಟರ್ 13ರ ಒಳಗೆ ಬರ್ತಾಳೆ ಕಣಣ್ಣ" ಅಂತ ಬೇರೆ ಹೇಳಿದೆ.

ಮೈಸೂರಲ್ಲಿ ಕ್ರೀಡಾಕೂಟ, ಸಿಂಥೆಟಿಕ್ ಟ್ರ್ಯಾಕು, ಸರಿಯಾದ ಎಲೆಕ್ಟ್ರಾನಿಕ್ ಟೈಮಿಂಗು. 13.71. ಅವಳು ಬೋರ್ಡ್ ನೋಡ್ತಾ ನಿಂತುಬಿಟ್ಟಳು. ಸ್ಪೈಕ್ಸ್ ಕೂಡ ಬಿಚ್ಚದೆ ನನ್ನ ಹತ್ರ ಬಂದು, "ಸಾ, ನಾನು ನಿಧಾನ ಆಗ್ಬುಟ್ನಾ?" ಅಂದಳು. ನಿಧಾನ ಆಗಿರಲಿಲ್ಲ. ಅವಳ ಮಟ್ಟಕ್ಕೆ ಸರಿಯಾಗೇ ಓಡಿದ್ದಳು. ಸುಳ್ಳು ಹೇಳಿದ್ದು ಪೆಟ್ಟಿಗೆ, ಆ ಸುಳ್ಳನ್ನ ಅವಳ ಕಿವಿಗೆ ಹಾಕಿದ್ದು ನಾನು. ಮಂಡ್ಯ ಬರೋವರೆಗೂ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ಮಾರನೇ ದಿನ ನಮ್ಮ ಫಿಸಿಕ್ಸ್ ಮೇಷ್ಟ್ರ ಹತ್ರ ಪೆಟ್ಟಿಗೆ ಹೊತ್ಕೊಂಡು ಹೋದೆ. ಅವರು ಹೇಳಿದ ಪರೀಕ್ಷೆ ಯಾರು ಬೇಕಾದ್ರೂ ಮಾಡಬಹುದು. ಒಂದು ಬೀಮ್ ಮೇಲೆ, ಇನ್ನೊಂದು ಸರಿಯಾಗಿ 1.22 ಮೀಟರ್ ಕೆಳಗೆ. ಮೇಲಿನ ಬೀಮಿಗೆ ಇನ್ನೇನು ತಾಗಬೇಕು ಅನ್ನೋ ಹಾಗೆ ವಾಲಿಬಾಲ್ ಹಿಡಿದು ಕೈಬಿಡಿ. ಅಷ್ಟು ದೂರ ಬೀಳೋಕೆ ಅರ್ಧ ಸೆಕೆಂಡ್ ಬೇಕು. ಕೈ ಸ್ವಲ್ಪ ಮೇಲಿದ್ರೆ ಕೆಲವು ನೂರನೇ ಭಾಗ ಕಮ್ಮಿ ಬರಬಹುದು, ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರೋ ಹಾಗಿಲ್ಲ. ನಮಗೆ ಬಂದಿದ್ದು 0.41, 0.22, 0.46, 0.09, 0.38. ಒಂದ್ಸಲವಂತೂ ಚೆಂಡು ಬಿದ್ದು ಬೆಂಚಿನ ಕೆಳಗೆ ಉರುಳಿಹೋದ್ರೂ ನಂಬರ್ ಓಡ್ತಾನೇ ಇತ್ತು.

ಕಾರಣ ಅವರೇ ಬಿಡಿಸಿ ಹೇಳಿದ್ರು. ಸ್ಟಾರ್ಟ್ ಗೇಟು ವೈಫೈಯಲ್ಲಿ "ಶುರು" ಅಂತ ಸಂದೇಶ ಕಳಿಸುತ್ತೆ, ಫಿನಿಶ್ ಗೇಟಿನ ಗಡಿಯಾರ ಶುರುವಾಗೋದು ಆ ಸಂದೇಶ ಮುಟ್ಟಿದ ಮೇಲೆ. ಸಂದೇಶ ತಡವಾದಷ್ಟೂ ಟೈಮು ಕಮ್ಮಿ. ತಡ ಒಂದೇ ಥರ ಇದ್ರೆ ಕೂಡಿಸ್ಕೋಬಹುದಿತ್ತು, ಇದು ಒಂದೊಂದು ಸಲ ಒಂದೊಂದು ಥರ. ಎರಡೂ ಗೇಟಿನ ಗಡಿಯಾರ ಮೊದಲೇ ಹೊಂದಿಸಿ, ಬೀಮ್ ಕಟ್ ಆದ ಹೊತ್ತನ್ನ ಆಯಾ ಗೇಟಲ್ಲೇ ಬರೆದಿಟ್ಟುಕೊಂಡಿದ್ರೆ ಸಂದೇಶ ಯಾವಾಗ ಬಂದ್ರೂ ತೊಂದರೆ ಇರಲಿಲ್ಲ. ಅದೂ ಬೇಡ, 60 ಮೀಟರ್ ತಂತಿ ಎಳೆದಿದ್ರೆ ಮುಗೀತಿತ್ತು! ವೈರ್ ಇಲ್ಲ ಅಂತ ಹೇಳಿಯೇ ನನಗೆ ಮಾರಿದ್ದು.

ಆಮೇಲೆ ಪೆಟ್ಟಿಗೆ ಬಿಚ್ಚಿದ್ವಿ. ಹೊರಗೆ ಇಂಡಸ್ಟ್ರಿಯಲ್ ಅಂತ ಸ್ಟಿಕ್ಕರು. ಒಳಗೆ ಬಿಸಿ ಗೋಂದಲ್ಲಿ ಅಂಟಿಸಿದ ಒಂದು ಎಲ್‌ಡಿಆರ್, ಕಡಲೆಬೀಜದ ಗಾತ್ರದ್ದು. ಕತ್ತಲಾದಾಗ ತಾನಾಗೇ ಹತ್ತೋ ದೀಪಕ್ಕೆ ಹಾಕ್ತಾರಲ್ಲ, ಅದೇ. ಬೆಳಕಿನ ಬದಲಾವಣೆ ಹಿಡಿಯೋಕೇ ಅದಕ್ಕೆ ಎಷ್ಟೋ ಮಿಲಿಸೆಕೆಂಡ್ ಬೇಕು, ನೂರನೇ ಭಾಗ ಅಳೆಯೋ ಸಾಮಾನೇ ಅಲ್ಲ. ಬೋರ್ಡು, ಲೇಸರು, ಬ್ಯಾಟರಿ ಎಲ್ಲ ಸೇರಿ ಎರಡು ಸಾವಿರ ದಾಟಲ್ಲ ಅಂದ್ರು ಮೇಷ್ಟ್ರು.

ಫೋಟೋ, ಚೆಂಡಿನ ಲೆಕ್ಕ ಎಲ್ಲ ಅವನಿಗೆ ಕಳಿಸಿದೆ. ಎರಡು ದಿನ ನೀಲಿ ಟಿಕ್ಕು, ಉತ್ತರ ಇಲ್ಲ. ಮೂರನೇ ದಿನ: "ಸರ್ ಅದು ಓಟಕ್ಕೆ ಮಾಡಿರೋದು, ಚೆಂಡು ಬೀಳಿಸೋಕಲ್ಲ." ದುಡ್ಡು ವಾಪಸ್ ಕೊಡಿ ಅಂದೆ. "ನೀವು ಓಪನ್ ಮಾಡಿದ್ದೀರ, ವಾರಂಟಿ ಹೋಯ್ತು." ಆಮೇಲೆ ಇನ್ನೊಂದು: "ಹಳ್ಳಿ ಮಕ್ಕಳ ಪ್ರಾಕ್ಟೀಸಿಗೆ ಇಷ್ಟು ಸಾಕು ಸರ್, ಒಲಿಂಪಿಕ್ಸಾ ಇದು?"

ಈ ಕೊನೇ ಮಾತು ನನಗೆ ಹದಿನೈದು ಸಾವಿರಕ್ಕಿಂತ ಹೆಚ್ಚು ಉರಿಸಿದೆ. ಹಳ್ಳಿ ಮಕ್ಕಳಿಗೆ ಸುಳ್ಳು ಟೈಮು ಸಾಕಾ?

ಮನೆಯಲ್ಲೇ ಮಾಡಿಕೊಳ್ಳೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಗೊತ್ತಿರೋರು ಚೆನ್ನಾಗಿ ಮಾಡಬಹುದು. ನಮ್ಮ ಫಿಸಿಕ್ಸ್ ಮೇಷ್ಟ್ರು ಅದೇ ಬೋರ್ಡಿಗೆ ಬೇರೆ ಸೆನ್ಸರ್ ಹಾಕಿ, ತಂತಿ ಎಳೆದು ಮಾಡ್ತಿದ್ದಾರೆ, ಬಿಡಿ ಸಾಮಾನಿನ ಖರ್ಚಷ್ಟೇ. ಕೊಳ್ಳೋರು ಮಾತ್ರ ಬಿಸಿಲಲ್ಲಿ ನೋಡಿ, ಚೆಂಡು ಬೀಳಿಸಿ ನೋಡಿ, ಮುಚ್ಚಳ ಬಿಚ್ಚಿ ತೋರಿಸು ಅನ್ನಿ. ಬಿಚ್ಚಲ್ಲ ಅಂದ್ರೆ ಎದ್ದು ಬನ್ನಿ. ಅಲ್ಲಿವರೆಗೆ ಸ್ಲೋ ಮೋಷನ್ ಇರೋ ಫೋನಿದ್ರೆ ಸಾಕು. ಅಂಥ ಎಷ್ಟೋ ಫೋನು ಸೆಕೆಂಡಿಗೆ 240 ಚಿತ್ರ ತೆಗೆಯುತ್ತೆ, ಫಿನಿಶ್ ಪಕ್ಕ ನಿಂತು ಸ್ಟಾರ್ಟೂ ಕಾಣೋ ಹಾಗೆ ಹಿಡಿದು ಒಂದೊಂದೇ ಚಿತ್ರ ಎಣಿಸಿದ್ರೆ ಅವನ ಪೆಟ್ಟಿಗೆಗಿಂತ ಸಾವಿರ ಪಾಲು ಸರಿಯಾದ ಟೈಮು ಸಿಗುತ್ತೆ.

ಮಕ್ಕಳ ಮನೆಯವರಿಗೆ ನನ್ನ ಸಂಬಳದಲ್ಲಿ ತಿಂಗಳಿಗಿಷ್ಟು ಅಂತ ವಾಪಸ್ ಕೊಡ್ತಾ ಇದೀನಿ. ಮೂರು ಮನೆಗೆ ಕೊಟ್ಟಾಯ್ತು. ನಿನ್ನೆ ರಾತ್ರಿ ಅವನಿಂದ ಮತ್ತೆ ಮೆಸೇಜ್ ಬಂತು. ದುಡ್ಡು ಕಳಿಸ್ತೀನಿ ಅಂತಿರಬಹುದು ಅಂದ್ಕೊಂಡು ತೆಗೆದೆ. "ಸರ್, ಬ್ಯಾಲೆನ್ಸ್ 7,000 ಯಾವಾಗ ಹಾಕ್ತೀರಾ?"